ಬರೆದಕೆರೆಯ ಆಚೆ ದಡದ ದೀಪ

ಗವಿಕೊಂಡದ ಹಾಳುಕೋಟೆಯಿಂದ ಮೂಡಣಕ್ಕೆ ಹೊರಟರೆ ಮೊದಲು ಜೋಳದ ಹೊಲಗಳು, ಆಮೇಲೆ ಕುರಿ ಮೇಯುವ ಕಾವಲು, ಅದೂ ಮುಗಿದ ಮೇಲೆ ಬರೀ ಬಂಡೆ ಮತ್ತು ಜಾಲಿ. ಇಂಥ ಕಡೆ ನೀರಿದ್ದೀತೆಂದು ಹೊಸಬರು ಯಾರೂ ಎಣಿಸುವುದಿಲ್ಲ. ಆದರೆ ಎರಡು ಬೋರೆಗುಡ್ಡಗಳ ನಡುವಿನ ಏರಿಯನ್ನು ಹತ್ತಿ ನಿಂತರೆ ಕಾಲಬುಡದಲ್ಲೇ ಒಂದು ಕೆರೆ ಕಾಣುತ್ತದೆ. ಊರವರು ಇದನ್ನು ಬರೆದಕೆರೆ ಎನ್ನುತ್ತಾರೆ. ಕಟ್ಟಿಸಿದ ಕೆರೆ, ತೋಡಿಸಿದ ಕೆರೆ, ತಾನಾಗಿ ನಿಂತ ಕೆರೆ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಮೊದಲು ಬಟ್ಟೆಯ ಮೇಲೆ ಬರೆದು ಆಮೇಲೆ ನೆಲಕ್ಕೆ ಬಂದದ್ದು ಇದೊಂದೇ. ತೂಬಿನ ಕಲ್ಲಿನ ಮೇಲೆ ಅರಳಿದ ತಾವರೆಗಳನ್ನು ಕೆತ್ತಿದ್ದಾರೆ, ನೀರಿನಲ್ಲಿ ಮಾತ್ರ ಒಂದು ತಾವರೆಯೂ ಇಲ್ಲ. ಆಚೆ ದಡದ ಬಂಡೆಯಲ್ಲಿ ಹೊಗೆ ಹಿಡಿದು ಕಪ್ಪಾದ ದೀಪದ ಗೂಡೊಂದಿದೆ. ಇನ್ನೊಂದು ವಿಚಿತ್ರವೆಂದರೆ, ಕೆರೆಯ ದಾರಿಯ ಅಂಗಡಿಗಳಲ್ಲಿ ಮಂಡಕ್ಕಿ, ಮೆಣಸಿನಕಾಯಿ, ಬಾಳೆಹಣ್ಣು ಎಲ್ಲ ಸಿಗುತ್ತವೆ, ನೀರಿನ ಬಾಟಲಿ ಸಿಗುವುದಿಲ್ಲ. ಕೇಳಿದವರನ್ನು ಅಂಗಡಿಯವರು ಗದರಿಸಿ ಕಳಿಸುತ್ತಾರೆ: "ಕೆರೆಗೆ ಹೋಗೋರಿಗೆ ನೀರ್ಯಾಕೆ?"

ಹಿಂದೆ ಒಮ್ಮೆ ಗವಿಕೊಂಡವನ್ನು ಪಾಳೆಯಗಾರರು ಆಳುತ್ತಿದ್ದರು. ಆ ಮನೆತನದಲ್ಲಿ ಗಾದಿಗೆ ಕೂರುವ ಮಗ ಮೊದಲು ತನ್ನ ಸೀಮೆಯನ್ನು ಕಾಲಿನಿಂದ ಅರಿಯಬೇಕೆಂಬ ಕಟ್ಟಳೆಯಿತ್ತು. ಅದಕ್ಕಾಗಿ ಚಿತ್ರಗಾರರಿಂದ ಒಂದು ಸೀಮೆಹಚ್ಚಡವನ್ನು ಬರೆಸುತ್ತಿದ್ದರು. ದಪ್ಪನೆಯ ಜೋಡಿಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಇಡೀ ಸೀಮೆಯನ್ನು ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳಾಗಿ ಅದರ ಮೇಲೆ ಬಿಡಿಸುವುದು ಪದ್ಧತಿ. ಒಂದು ಮನೆಯಿಂದ ನೆರೆಮನೆಗೆ ಒಂದು ಹಗಲಿನ ನಡಿಗೆ. ಚೌಕದ ಮನೆ ಬರೆದರೆ ಮೂಲೆಯ ಕಡೆಗೆ ಹೋಗುವವನಿಗೆ ದಾರಿ ಉದ್ದವಾಗುತ್ತದೆ, ಆರು ಮೂಲೆಯಾದರೆ ಯಾವ ನೆರೆಮನೆಗೂ ನಡಿಗೆ ಒಂದೇ ಎಂಬುದು ಆ ಹಳಬರ ಲೆಕ್ಕ. ಮನೆಮನೆಯಲ್ಲೂ ಒಂದು ಜಾಗದ ಚಿತ್ರವಿರಬೇಕು, ಚಿತ್ರದ ಕೆಳಗೆ ಓದಿದವನನ್ನು ಅಲ್ಲಿಗೆ ಸೆಳೆಯುವ ಒಂದು ಪ್ರಶ್ನೆ, ಅಂದರೆ ಸೆಳೆಮಾತು ಇರಬೇಕು. ದೊರೆಮಗ ತುಂಬಿದ ಚಾವಡಿಯಲ್ಲಿ ಹಚ್ಚಡದ ಮೇಲೆ ಕವಡೆ ಬಿಡುತ್ತಾನೆ. ಕವಡೆ ತೋರಿಸಿದ ಮನೆಗೆ ಒಬ್ಬನೇ ನಡೆದು ಹೋಗಿ, ಅಲ್ಲಿನ ಸೆಳೆಮಾತಿಗೆ ಉತ್ತರ ತರಬೇಕು. ತರದಿದ್ದವನಿಗೆ ಗಾದಿಯಿಲ್ಲ.

ಚಿನ್ನೋಬ ನಾಯಕನಿಗೆ ಪ್ರಾಯ ಬಂದಾಗ ಹಚ್ಚಡ ಬರೆಯುವ ಕೆಲಸ ಚಿತ್ರಗಾರರ ಪಾಲಮ್ಮನಿಗೆ ಬಂತು. ಗಂಡ ತೀರಿಕೊಂಡ ಮೇಲೆ ಕುಂಚ ಹಿಡಿದವಳು; ಕೈಯೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೆಳೆಮಾತು ಹೊಸೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಓದಿದವನ ತಲೆ ಅಲ್ಲ, ಕಾಲು ತುರಿಸಬೇಕು ಎನ್ನುತ್ತಿದ್ದಳು. ಕುಂಬಾರರ ತಿಟ್ಟಿನ ಮನೆಯಲ್ಲಿ "ಇಲ್ಲಿನ ಹಳೆಯ ಗಡಿಗೆಗಳೆಲ್ಲ ಎಡಕ್ಕೇ ಏಕೆ ವಾಲಿವೆ?" ಎಂದು ಬರೆದಳು. ಕಾಡಿನ ಗುಡಿಯ ಮನೆಯಲ್ಲಿ "ಬಾಗಿಲಿಗೆ ಹೊರಗಿನಿಂದ ಚಿಲಕ, ಒಳಗಿನಿಂದ ಹೊಗೆ. ಒಲೆ ಹಚ್ಚಿದವರಾರು?" ಎಂದು ಬರೆದಳು. ಪ್ರತಿ ಜಾಗಕ್ಕೂ ತಾನೇ ನಡೆದು, ಊರವರ ಬಾಯಿಂದ ಕೇಳಿ, ಕಣ್ಣಾರೆ ಕಂಡು ಬರೆಯುತ್ತ ಬಂದಳು. ಮನೆಗಳು ತುಂಬುತ್ತ ಹೋದಂತೆ ಅವಳ ಹೆಮ್ಮೆಯೂ ತುಂಬುತ್ತ ಹೋಯಿತು.

ಮೂಡಣ ಅಂಚಿನ ಒಂದು ಮನೆ ಮಾತ್ರ ಉಳಿಯಿತು. ಪಾಲಮ್ಮ ಅಲ್ಲಿಗೂ ಹೊರಟಿದ್ದಳು. ಆದರೆ ಜಾಲಿಮುಳ್ಳು ಸೀರೆ ಹರಿಯಿತು, ಕರಡಿಯೊಂದು ದಾರಿಗೆ ಅಡ್ಡ ನಿಂತಿತು, ಹಚ್ಚಡ ಹರವುವ ಹಬ್ಬ ಹತ್ತಿರವಾಗಿತ್ತು; ಅಂಚಿನಿಂದಲೇ ಹಿಂದಿರುಗಿದಳು. ಮನೆ ಖಾಲಿ ಬಿಡುವಂತಿರಲಿಲ್ಲ. ಹಚ್ಚಡದಲ್ಲಿ ಖಾಲಿ ಬಿಟ್ಟ ನೆಲ ದೊರೆಯ ಕೈಬಿಟ್ಟು ಹೋಗುತ್ತದೆಂದು ಗವಿಕೊಂಡದವರು ಗಟ್ಟಿಯಾಗಿ ನಂಬಿದ್ದರು. ಆಗ ಪಾಲಮ್ಮ ಮನಸ್ಸಿನಿಂದಲೇ ಒಂದು ಕೆರೆಯನ್ನು ಹುಟ್ಟಿಸಿದಳು. ಎರಡು ಬೋರೆಗಳ ನಡುವೆ ನೀಲಿ ನೀರು, ನೀರ ತುಂಬ ತಾವರೆ, ಆಚೆ ದಡದಲ್ಲಿ ಉರಿಯುವ ಒಂದೇ ಒಂದು ಹಣತೆ. ಕೆಳಗೆ ಸೆಳೆಮಾತು: "ಮನುಷ್ಯರು ಸುಳಿಯದ ಈ ಕೆರೆಯ ಆಚೆ ದಡದಲ್ಲಿ ದೀಪ ಇಟ್ಟವರಾರು?" ಅದಕ್ಕೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಆ ಮನೆಗೆ ಹೋಗಬೇಕಾದರೆ ಕವಡೆಗಳೆಲ್ಲ ಬಾಯಿ ಮೇಲಾಗಿ ಬೀಳಬೇಕು. ಹಾಗೆ ಬಿದ್ದದ್ದನ್ನು ಕಂಡವರೇ ಇರಲಿಲ್ಲ. ಇಡೀ ಹಚ್ಚಡದಲ್ಲಿ ಅಷ್ಟು ಚೆಂದದ ಚಿತ್ರ ಇನ್ನೊಂದಿಲ್ಲವೆಂದು ಜನ ಮುಗಿಬಿದ್ದು ನೋಡಿದರು. ಪಾಲಮ್ಮ ಹಿಗ್ಗಿದಳು.

ಬೇಸಿಗೆಯ ನಡುವಿನಲ್ಲಿ ಚಾವಡಿ ಸೇರಿತು. ಚಿನ್ನೋಬ ನಾಯಕ ಕವಡೆ ಬಿಟ್ಟ. ಎಲ್ಲವೂ ಬಾಯಿ ಮೇಲಾಗಿ ಬಿದ್ದವು. ಜನ ಕೇಕೆ ಹಾಕಿದರು, ಪಾಲಮ್ಮ ಮಾತ್ರ ಧಡಕ್ಕನೆ ಎದ್ದು ನಿಂತಳು. ಏಕೆಂದರೆ ಆ ನಡಿಗೆಗೆ ಇನ್ನೊಂದು ಕಟ್ಟಳೆಯಿತ್ತು: ಹಚ್ಚಡದಲ್ಲಿ ನೀರು ಬರೆದಿರುವ ಮನೆಗೆ ದೊರೆಮಗ ನೀರು ಒಯ್ಯಬಾರದು. ಒಯ್ದರೆ ತನ್ನ ನೆಲವನ್ನೇ ನಂಬದವನು ಎಂದಾಗುತ್ತದೆ, ಅಂಥವನಿಗೆ ಗಾದಿ ಸಲ್ಲದು. ಕವಡೆ ಬಿದ್ದ ಮೇಲೆ, ಆ ಮನೆ ಮುಟ್ಟುವ ತನಕ, ಅವನ ಜೊತೆ ಯಾರೂ ಮಾತಾಡುವಂತೆಯೂ ಇರಲಿಲ್ಲ. ಅವನು ಇನ್ನು ಕೇಳಬೇಕಾದದ್ದು ಹಚ್ಚಡದ ಮಾತನ್ನು ಮಾತ್ರ. ಹುಡುಗ ಬರಿಗೈಯಲ್ಲಿ ಆ ಬಂಡೆಗಾಡಿಗೆ ಹೋಗುತ್ತಾನೆ, ಹೋದವನು ಬರುವುದಿಲ್ಲ. ಇದು ಚಾವಡಿಯಲ್ಲಿ ಪಾಲಮ್ಮನೊಬ್ಬಳಿಗೆ ಗೊತ್ತಿತ್ತು.

ಅವಳು ನೇರವಾಗಿ ದೊರೆಮಗನ ತಾಯಿ ಲಕ್ಕವ್ವ ನಾಗತಿಯ ಬಳಿಗೆ ನಡೆದಳು. "ನಾಗತಿಯವ್ವಾ, ಆ ಮನೇಲಿ ನೀರಿಲ್ಲ. ಆ ಕೆರೆ ನಾನೇ ಹುಟ್ಟಿಸಿ ಬರೆದದ್ದು" ಎಂದಳು. ನಾಗತಿಗೆ ಸಿಟ್ಟು ನೆತ್ತಿಗೇರಿತು. ಗಂಡ ಇಲ್ಲದ ಮೇಲೆ ಮೈದುನ ಹಾಲನಾಯಕನ ಕಣ್ಣು ಗಾದಿಯ ಮೇಲೇ ಇತ್ತು. "ಹಚ್ಚಡ ಸುಳ್ಳು ಅಂತ ಈಗ ಸಾರಿದ್ರೆ ಮಗ ಉಳೀತಾನೆ, ಗಾದಿ ಅವನ ಚಿಕ್ಕಪ್ಪನ ಪಾಲಾಗ್ತೈತೆ. ಸುಮ್ಮನಿದ್ರೆ ಮಗನೇ ಇರಲ್ಲ. ಯಾವುದನ್ನ ಬಿಡಲಿ ಹೇಳೇ?" ಎಂದು ಕೇಳಿದಳು. ಪಾಲಮ್ಮ ತಲೆ ತಗ್ಗಿಸಲಿಲ್ಲ. "ಎರಡನ್ನೂ ಬಿಡಬ್ಯಾಡ್ರಿ, ಅವ್ವಾ. ಹಚ್ಚಡ ಸುಳ್ಳಲ್ಲ, ನೆಲ ತಡ ಮಾಡೈತೆ ಅಷ್ಟೆ. ಅವರಿಗಿಂತ ಮುಂಚೆ ನಾನು ಹೋಗಿರ್ತೀನಿ." ನಾಗತಿ "ನನ್ನ ಮಗ ಬರದಿದ್ರೆ ನೀನೂ ಬರಬ್ಯಾಡ" ಎಂದಳು. ಪಾಲಮ್ಮ ಆಗಲಿ ಎಂದು ಕೈ ಮುಗಿದು ಹೊರಟಳು.

ದೊರೆಮಗ ದಾರಿಗೆ ಸಿಗುವ ಹಚ್ಚಡದ ಮನೆಮನೆಯಲ್ಲೂ ಒಂದೊಂದು ರಾತ್ರಿ ತಂಗಿ ಸುತ್ತಿಕೊಂಡು ಬರಬೇಕಾಗಿತ್ತು. ಪಾಲಮ್ಮ ಕುರುಬರ ಕಾಲುದಾರಿ ಹಿಡಿದು ನೆಟ್ಟಗೆ ನಡೆದಳು. ಅಗಸರ ಕೇರಿಯಿಂದ ಬೇಡಿ ತಂದ ಕತ್ತೆಯ ಮೇಲೆ ತೊಗಲಿನ ಚೀಲಗಳಲ್ಲಿ ನೀರು, ಸೊಂಟದ ಮೇಲೊಂದು ಕೊಡ, ಹೆಗಲಲ್ಲಿ ಎಂದಿನ ಬಣ್ಣದ ಜೋಳಿಗೆ. ಜಾಲಿಯ ಮೆಳೆ ಹೊಕ್ಕ ಮೇಲೆ ಹಳೆಯ ಪರಿಚಯದ ಕರಡಿ ಮತ್ತೆ ಎದುರಾಯಿತು. ಪಾಲಮ್ಮ ಈ ಸಲ ಹಿಂದೆ ಸರಿಯಲಿಲ್ಲ. ಕಲ್ಲಿನ ಮೇಲೆ ಕಲ್ಲು ಕುಟ್ಟಿ, ಗಂಡಸರೂ ಆಡಲು ನಾಚುವಂಥ ಬೈಗುಳ ಬೈದು, ಅದನ್ನು ಓಡಿಸಿದಳು. ಆದರೆ ಅಷ್ಟರಲ್ಲಿ ಕತ್ತೆ ಕಾಲಿಗೆ ಬುದ್ಧಿ ಹೇಳಿತ್ತು, ನೀರಿನ ಚೀಲಗಳೂ ಅದರ ಜೊತೆಗೇ ಹೋಗಿದ್ದವು. ಇನ್ನುಳಿದದ್ದು ಒಂದು ಕೊಡ. ಅದರಿಂದ ಒಂದು ಗುಟುಕೂ ತನಗೆ ಸಲ್ಲದೆಂದು ಆಗಲೇ ತೀರ್ಮಾನಿಸಿಕೊಂಡಳು.

ಬೋರೆಯ ಮೇಲೆ ಹತ್ತಿ ನಿಂತು ಪಾಲಮ್ಮ ಆ ನೆಲವನ್ನು ಮೊದಲ ಸಲ ನೋಡಿದಳು. ಮರುಕ್ಷಣವೇ ಜೋರಾಗಿ ನಕ್ಕುಬಿಟ್ಟಳು ಎನ್ನುತ್ತಾರೆ. ಎರಡು ಬೋರೆಗಳು ಅವಳ ಚಿತ್ರದಲ್ಲಿದ್ದಂತೆಯೇ ಎದುರುಬದುರು ಕೂತಿದ್ದವು. ನಡುವೆ ವಿಶಾಲವಾದ ತಗ್ಗು. ಮಳೆಗಾಲದ ನೀರೆಲ್ಲ ಅಲ್ಲಿಗೇ ಇಳಿದು, ತೆಂಕಣದ ಒಂದು ಸಂದಿಯಿಂದ ಸುಮ್ಮನೆ ಹರಿದುಹೋಗಿದ್ದ ಗುರುತು ಕಲ್ಲಿನ ಮೇಲೆ ಕಾಣುತ್ತಿತ್ತು. ಆ ಸಂದಿಯೊಂದನ್ನು ಮುಚ್ಚಿದರೆ ಸಾಕಿತ್ತು. ಹೆದರದೆ ಅಂದೇ ಒಳಗೆ ಬಂದು ಕಂಡಿದ್ದರೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ, ಇದ್ದದ್ದನ್ನೇ ಬರೆಯಬಹುದಾಗಿತ್ತು ಎಂದು ತನ್ನನ್ನೇ ಬೈದುಕೊಂಡಳು. ಆದರೆ ಬೈದುಕೊಂಡು ಕೂರುವ ಹೊತ್ತು ಅದಲ್ಲ. ಇಷ್ಟು ದೊಡ್ಡ ಬಂಡೆಗಾಡಿನಲ್ಲಿ ಹುಡುಗ ಎಲ್ಲಿಂದ ಬರುತ್ತಾನೋ ಯಾರು ಬಲ್ಲರು? ಅವನ ಕಣ್ಣು ಹುಡುಕುವುದು ಒಂದನ್ನೇ, ಹಚ್ಚಡದಲ್ಲಿ ಕಂಡ ದೀಪವನ್ನು. ಪಾಲಮ್ಮ ಜೋಳಿಗೆಯಿಂದ ಬಣ್ಣ ಅರೆಯುವ ಚಿಪ್ಪನ್ನೂ ಬಣ್ಣಕ್ಕೆ ಬೆರೆಸುವ ಕುಸುಬೆ ಎಣ್ಣೆಯನ್ನೂ ತೆಗೆದಳು. ಸೆರಗಿನ ಅಂಚು ಹರಿದು ಬತ್ತಿ ಹೊಸೆದಳು. ಗಾಳಿ ತಾಗದ ಬಂಡೆಯ ಪೊಟರೆಯೊಂದನ್ನು ಹುಡುಕಿ, ತಾನು ಎಲ್ಲಿ ಬರೆದಿದ್ದಳೋ ಅಲ್ಲೇ ಹೊತ್ತು ಇಳಿಯುವಾಗ ದೀಪ ಹಚ್ಚಿದಳು.

ಚಿನ್ನೋಬ ಮರುದಿನ ಮುಸ್ಸಂಜೆಗೆ ಬಂದ. ತಗ್ಗಿನ ಈಚೆ ಅಂಚಿನಲ್ಲಿ ನಿಂತು ನೋಡಿದರೆ ನೀರಿಲ್ಲ, ತಾವರೆಯಿಲ್ಲ, ಒಣ ಜಾಲಿ ಬಿಟ್ಟರೆ ಏನೂ ಇಲ್ಲ. ನಾಲಿಗೆ ಅಂಗುಳಿಗೆ ಅಂಟಿತ್ತು. ಹಿಂದಿರುಗಲು ಕಾಲು ತಿರುಗಿಸಿದಾಗ ಆಚೆ ದೀಪ ಕಂಡಿತು. ದೀಪವಿದ್ದ ಮೇಲೆ ದಡವಿರಬೇಕು, ದಡವಿದ್ದ ಮೇಲೆ ಕೆರೆಯೂ ಇದ್ದೀತೆಂದು ಆ ಒಣ ತಗ್ಗನ್ನು ಮುಳ್ಳು ತುಳಿದುಕೊಂಡೇ ದಾಟಿ, ಬಂಡೆಯ ಬುಡದಲ್ಲಿ ಕುಸಿದ. ಪಾಲಮ್ಮ ಮೊದಲು ತುಟಿ ಒದ್ದೆ ಮಾಡಿದಳು, ಆಮೇಲೆ ಗುಟುಕು ಗುಟುಕಾಗಿ ಕುಡಿಸಿದಳು. ಉಸಿರು ತಿರುಗಿದ ಮೇಲೆ ಅವನು ಕೇಳಿದ: "ಚಿತ್ರದವ್ವಾ, ಕೆರೆ ಎಲ್ಲಿ?"

"ನೀವು ದಾಟಿ ಬಂದ್ರಲ್ಲ, ಆ ತಗ್ಗೇ ಕೆರೆ, ನನ್ನೊಡೆಯ. ನೀರು ಬರೋದೊಂದು ಬಾಕಿ."

ಅವನಿಗೆ ಎಲ್ಲ ಅರ್ಥವಾಯಿತು, ಅರ್ಥವಾದ ಕೂಡಲೇ ಸಿಟ್ಟೂ ಬಂತು. "ನಾನು ಸತ್ತಿದ್ರೆ?" ಎಂದ. "ಅದಕ್ಕೇ ಬಂದೆ" ಎಂದಳು ಪಾಲಮ್ಮ. ಆಮೇಲೆ ತಾನಾಗಿಯೇ ಹೇಳಿದಳು: "ಚಿತ್ರ ಚೆಂದ ಬಂತು ಅಂತ ಹಿಗ್ಗಿದೆ. ಇದನ್ನ ನಂಬ್ಕೊಂಡು ಬಾಯಾರಿದೋನು ಒಬ್ಬ ಬರ್ತಾನೆ ಅಂತ ಯೋಚನೆ ಮಾಡ್ಲಿಲ್ಲ. ಈಗ ಮಾಡ್ತಿದೀನಿ." ಚಿನ್ನೋಬ ಬೈಯಲೆಂದು ಮುಖ ಎತ್ತಿದ. ಅವಳ ತುಟಿ ಒಡೆದು ರಕ್ತ ಒಣಗಿದ್ದು ದೀಪದ ಬೆಳಕಿನಲ್ಲಿ ಕಂಡಿತು. "ನೀನು ಕುಡಿದ್ಯಾ?" ಎಂದು ಕೇಳಿದ. ಅವಳು ಬತ್ತಿ ಸರಿಮಾಡಿದಳು. ಅವನು ಕೊಡವನ್ನು ಅವಳ ಕಡೆಗೆ ತಳ್ಳಿದ. ಬೆಳಗಾದ ಮೇಲೆ ಪಾಲಮ್ಮ ಅವನನ್ನು ಬೋರೆ ಹತ್ತಿಸಿ ಆ ತೆಂಕಣ ಸಂದಿಯನ್ನು ತೋರಿಸಿದಳು. ಅವನು ಅದನ್ನೇ ನೋಡುತ್ತ ನಿಂತ. ತುಸು ನೀರು ಉಳಿಸಿಕೊಂಡು ಇಬ್ಬರೂ ಕಾಲುದಾರಿ ಹಿಡಿದರು.

ಗವಿಕೊಂಡದ ಚಾವಡಿ ಮತ್ತೆ ಸೇರಿತು. ಸೆಳೆಮಾತನ್ನು ಓದಿ ದೀಪ ಇಟ್ಟವರು ಯಾರೆಂದು ಕೇಳಿದಾಗ ಚಿನ್ನೋಬ ಪಾಲಮ್ಮನ ಕಡೆ ಕೈ ತೋರಿಸಿದ. "ಬರೆದೋಳೇ ಇಟ್ಟೋಳು. ಕಣ್ಣಾರೆ ಕಂಡೆ." ಹಾಲನಾಯಕ ಮೀಸೆ ತಿರುವಿದ. "ದೀಪ ಇರಲಿ. ಆ ಕೆರೇಲಿ ನೀರಿತ್ತೋ?" ಎಂದ. "ಆ ದಡದಾಗೆ ಕುಡಿದೇ ಬದುಕಿ ಬಂದೀನಿ, ಚಿಕ್ಕಪ್ಪಾ." ಹಾಲನಾಯಕ ಬಿಡಲಿಲ್ಲ. "ಕುಡಿದದ್ದು ಕೆರೆಯಿಂದಲೋ, ಯಾರೋ ಹೊತ್ತು ತಂದ ಕೊಡದಿಂದಲೋ?" ಚಿನ್ನೋಬ ಸುಳ್ಳು ಹೇಳಲಿಲ್ಲ. "ಕೊಡದಿಂದ. ಹಚ್ಚಡ ನಂಬಿ ಬರಿಗೈಲಿ ಹೋದೆ, ಹಚ್ಚಡ ಬರೆದೋಳು ಕೊಡ ಹೊತ್ಕೊಂಡು ಕಾದಿದ್ದಳು. ನಂಬಿದ್ದಕ್ಕೆ ನೀರು ಸಿಕ್ತು. ಕಟ್ಟಳೆ ಕೇಳೋದು ಅಷ್ಟೇ ಅಲ್ವ? ಇನ್ನು ಕೆರೆ. ಅದಕ್ಕೊಂದು ಏರಿ ಕಡಿಮೆ ಐತೆ, ಅದನ್ನ ನಾನು ಹಾಕಿಸ್ತೀನಿ. ಮುಂದಿನ ಮಳೆ ಕಳೆದ ಮೇಲೆ ನೀವೇ ಬಂದು ಕುಡಿದು ನೋಡ್ರಿ, ಚಿಕ್ಕಪ್ಪಾ. ಕೊಡ ಮಾತ್ರ ತರಬ್ಯಾಡ್ರಿ." ಚಾವಡಿಯೆಲ್ಲ ಘೊಳ್ಳೆಂದು ನಕ್ಕಿತು. ಹಾಲನಾಯಕನಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇರೆ ಮಾತು ಉಳಿಯಲಿಲ್ಲ. ಹಿರಿಯರು ಚಿನ್ನೋಬನನ್ನು ಗಾದಿಗೆ ಕೂರಿಸಿದರು.

ಹೊಸ ನಾಯಕನ ಮೊದಲ ಕೆಲಸ ಆ ಏರಿ. ವಡ್ಡರ ಬಂಡಿಗಳು ಬೇಸಿಗೆ ಮುಗಿಯುವವರೆಗೂ ಕಲ್ಲು ಹೊತ್ತವು, ಮಳೆ ಬಿತ್ತು, ಕೆರೆ ನಿಂತಿತು. ಹಾಲನಾಯಕ ಬರಿಗೈಯಲ್ಲೇ ಬಂದು, ಬೊಗಸೆಯಲ್ಲಿ ಮೊಗೆದು ಕುಡಿದ. ಪಾಲಮ್ಮನಿಗೆ ನಾಯಕ ಶಿಕ್ಷೆಯನ್ನೂ ಕೊಡಲಿಲ್ಲ, ಮಾನ್ಯದ ಭೂಮಿಯನ್ನೂ ಕೊಡಲಿಲ್ಲ. ಬರೆದದ್ದನ್ನೆಲ್ಲ ತೀರಿಸಬೇಕು ಎಂದಷ್ಟೇ ಹೇಳಿದ: ಕೆರೆ ನನ್ನದು, ದೀಪ ಮತ್ತು ತಾವರೆ ನಿನ್ನವು. ದೀಪ ಸುಲಭವಾಯಿತು. ತಾವರೆಯ ಗೆಡ್ಡೆಗಳನ್ನು ಮಾತ್ರ ಅವಳು ಎಲ್ಲೆಲ್ಲಿಂದಲೋ ತಂದು ವರ್ಷ ವರ್ಷವೂ ನೆಟ್ಟಳು, ಒಂದೂ ಹಿಡಿಯಲಿಲ್ಲ. ಕೆರೆಯ ತಳ ಬರೀ ಗರಸು ಮಣ್ಣೆಂದು ಕೆಲವರು, ಮೀನು ತಿನ್ನುತ್ತವೆಂದು ಕೆಲವರು ಹೇಳಿದರು. ಪಾಲಮ್ಮ ಕೊನೆಯ ಉಸಿರಿನ ತನಕ ನೆಡುವುದನ್ನು ಬಿಡಲಿಲ್ಲ ಎನ್ನುತ್ತಾರೆ.

ಇಂದಿಗೂ ಏರಿಯ ಮೇಲೆ ನಿಂತವರಿಗೆ ಸಂಜೆಯ ಹೊತ್ತಿನಲ್ಲಿ ಆಚೆ ದಡದ ಗೂಡಿನಲ್ಲಿ ದೀಪ ಕಾಣುತ್ತದೆ. ಚಿತ್ರಗಾರರ ಮನೆಯ ಹೆಣ್ಣುಮಕ್ಕಳು ಸರದಿಯಂತೆ ಬಂದು ಹಚ್ಚುತ್ತಾರೆ. ದೀಪದ ಪಕ್ಕದಲ್ಲೊಂದು ತುಂಬಿದ ಕೊಡವನ್ನೂ ಇಡುತ್ತಾರೆ, ಕೆರೆ ತುಂಬಿ ಕೋಡಿ ಬಿದ್ದ ವರ್ಷವೂ ಅದನ್ನು ತಪ್ಪಿಸಿಲ್ಲ. ಮಳೆಗಾಲದ ಮೊದಲಿಗೆ ಅವರು ಮೊಣಕಾಲುದ್ದ ನೀರಿಗಿಳಿದು ಗೆಡ್ಡೆ ನೆಡುತ್ತಿರುವುದನ್ನೂ ನೋಡಬಹುದು. ತೂಬಿನ ಕಲ್ಲಿನ ಹೂಗಳನ್ನು ಕಂಡ ಪ್ರವಾಸಿಗರು ಕೆರೆಯಲ್ಲಿ ತಾವರೆ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ದೀಪ ಹಚ್ಚುವ ಹೆಂಗಸು ಬತ್ತಿ ಸರಿಮಾಡುತ್ತ, ತಲೆ ಎತ್ತದೆ ಉತ್ತರ ಕೊಡುತ್ತಾಳೆ: "ಬರ್ತಾವೆ. ಬರೆದಾಗೈತೆ, ನೆಲ ತಡ ಮಾಡೈತೆ ಅಷ್ಟೆ."