ರಾಣಿಯ ಬಂಡೆ ಎಷ್ಟು ದೂರ

"ಕೇಳ್ರಪ್ಪೋ ಕೇಳಿ. ಈ ಯುಗಾದಿಯ ಸಭೆಯಲ್ಲಿ ರಾಜಕುಮಾರಿ ಕಾಂತಿಮತಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕುಮಾರಿಯ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ ಕನ್ನಡಿ ಮನೆಯನ್ನು ಒಡೆಸಲಾಗುವುದು."

ಡಂಗುರದವನ ಕೊನೆಯ ಮಾತಿಗೆ ಊರು ಮರುಗಿತು. ಕನ್ನಡಿ ಮನೆ ಹೋದರೆ ಕುಮಾರಿಗೆ ಉಳಿಯುವುದೇನು?

ಅವಳು ಮಗುವಾಗಿದ್ದಾಗ ರಾಕ್ಷಸನೊಬ್ಬ ಅವಳ ತಾಯಿಯನ್ನು ಎತ್ತಿಕೊಂಡು ಹೋಗಿ ಕಡಲ ನಡುವಿನ ಬಂಡೆಯ ಮೇಲೆ ಕೂರಿಸಿ ಮಂತ್ರ ಹಾಕಿದ್ದ. ಅತ್ತ ಹೊರಟ ದೋಣಿಗಳೆಲ್ಲ ಸುತ್ತು ಹೊಡೆದು ಇದೇ ದಡಕ್ಕೆ ಬಂದು ಬೀಳುತ್ತಿದ್ದವು. ಬೆಳಿಗ್ಗೆ ರಾಣಿಯ ಕೈಗನ್ನಡಿ ದೂರದಲ್ಲಿ ಮಿನುಗಿದರೆ, ಬದುಕಿದ್ದಾಳೆ ಅಂತ ಅರ್ಥ. ಬಂಡೆ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಸರಿಯುತ್ತದೆ ಎಂದು ರಾಕ್ಷಸ, ಮಂತ್ರ ಬಿಡಿಸದೆಯೇ, ಸಾಯುವಾಗ ಹೇಳಿದ. ಯಾವ ಕಡೆಗೆ ಅಂತ ಮಾತ್ರ ಹೇಳಲಿಲ್ಲ. ರಾಕ್ಷಸರ ಬುದ್ಧಿಯೇ ಅಷ್ಟು.

ತಾಯಿಗೆ ಬೆಳಕು ಕಳಿಸಲೆಂದೇ ಕಾಂತಿಮತಿ ಕನ್ನಡಿ ಮನೆ ಕಟ್ಟಿಸಿದ್ದಳು. ಎದುರುಬದುರು ಕನ್ನಡಿಗಳ ನಡುವೆ ಬೆಳಕನ್ನು ಓಡಾಡಿಸಿ ಪಳಗಿಸುವ ಜಾಗ ಅದು. ಈಗಿನವರು ಅದನ್ನೇ ಲೇಸರ್ ಅನ್ನುತ್ತಾರೆ, ತಾವೇ ಕಂಡುಹಿಡಿದ ಹಾಗೆ. ಮಗಳು ಕಾಯುತ್ತಲೇ ಮುದುಕಿಯಾದಾಳು ಎಂದು ರಾಜ ಧವಳಕೇತುವಿಗೆ ಭಯ. ತಲೆದಂಡದ ಮಾತು ಸೇರಿಸಿದವನು ಅವನೇ. ಹೆದರಿ ಯಾರೂ ಬಾರದಿದ್ದರೆ ಆ ಮನೆ ಒಡೆಸಿ, ತಾನು ನೋಡಿದ ವರನಿಗೆ ಅವಳನ್ನು ಕೊಡಬಹುದಲ್ಲ.

ಆದರೂ ಬಂದರು. ಕುಮಾರಿ ಮೊದಲ ಒಗಟು ಹಾಕಿದಳು: "ಒಂದೇ ಓಣಿಯಲ್ಲಿ ನೂರಾರು ಜನ ಹಿಂದೆ ಮುಂದೆ ಓಡಾಡುತ್ತಾರೆ. ಒಬ್ಬೊಬ್ಬರ ಹೆಜ್ಜೆ ಒಂದೊಂದು ಥರ. ಅವರವರ ಪಾಡಿಗೆ ನಡೆದರೆ ಬರೀ ಗದ್ದಲ. ಎಲ್ಲರ ಹೆಜ್ಜೆಯೂ ಒಮ್ಮೆ ಕೂಡಿದರೆ, ರೆಪ್ಪೆ ಬಡಿಯುವುದಕ್ಕಿಂತ ಚಿಕ್ಕದಾದ, ಅವರೆಲ್ಲರಿಗಿಂತ ಬಲವಾದ ಕೂಸು ಹುಟ್ಟುತ್ತದೆ. ಏನದು?"

"ನನ್ನ ಸೈನ್ಯ," ಎಂದ ನೆರೆಯ ರಾಜಕುಮಾರ. ಮೂರೂ ಒಗಟು ಮುಗಿದ ಮೇಲೆ ತಲೆದಂಡ ಎಂದು ಅವನನ್ನು ಸೆರೆಮನೆಗೆ ಒಯ್ದರು. "ಕಡಲ ಅಲೆ," ಎಂದ ಮಂತ್ರಿಯ ಮಗ. ಅವನೂ ಹೋದ. ಆಮೇಲೆ ಯಾರೂ ಏಳಲಿಲ್ಲ.

ಆಗ ಎದ್ದವನು ಜವರ, ಕನ್ನಡಿ ಒರೆಸುವವನು. ಕುಮಾರಿ ಕಿಟಕಿಯಲ್ಲಿ ನಿಂತು ಕಡಲು ನೋಡುತ್ತಿದ್ದಷ್ಟು ಕಾಲ ಇವನು ಅವಳನ್ನು ನೋಡಿದ್ದ. ಒಂದು ಮಾತೂ ಆಡಿರಲಿಲ್ಲ.

"ಅದು ಬೆಳಕಿನ ಮಿಂಚು, ಅಮ್ಮಣ್ಣಿ," ಎಂದ. "ಕನ್ನಡಿಗಳ ನಡುವೆ ಓಡಾಡೋ ಬೆಳಕಲ್ಲಿ ನೂರಾರು ಅಲೆ ಇರ್ತವೆ. ಎಲ್ಲಾ ಕೂಡಿ ಹೆಜ್ಜೆ ಹಾಕ್ದಾಗ ಆ ಮಿಂಚು ಹುಟ್ಟತ್ತೆ."

ಕುಮಾರಿ ಮುಂದಕ್ಕೆ ಬಾಗಿದಳು. "ಒಟ್ಟಿಗೆ ಹೊರಟ ಮನೆಮಂದಿ ಗಾಜಿನ ಊರು ಹೊಕ್ಕರು. ಕೆಂಪು ಸೀರೆಯವಳು ಮುಂದಾದಳು, ನೀಲಿ ಸೀರೆಯವಳು ಹಿಂದುಳಿದಳು. ಸಾಲು ಉದ್ದವಾಯಿತು, ಯಾರೂ ತಪ್ಪಿಸಿಕೊಳ್ಳಲಿಲ್ಲ. ಯಾರಿವರು?"

"ಅದೇ ಮಿಂಚು. ಗಾಜಿನ ಒಳಗೆ ಕೆಂಪು ಬೇಗ ಓಡತ್ತೆ, ನೀಲಿ ನಿಧಾನ. ಚಿಕ್ಕ ಮಿಂಚು ಬಣ್ಣದ ಸಾಲಾಗಿ ಹಿಗ್ಗತ್ತೆ."

ಇವೆರಡನ್ನು ಬಿಡಿಸಿದ್ದು ಅವನ ಹೆಚ್ಚುಗಾರಿಕೆ ಅಂತ ನಾನು ಹೇಳುವುದಿಲ್ಲ. ದಿನಾ ಕಂಡದ್ದನ್ನೇ ಹೇಳಿದ. ಮೂರನೆಯದನ್ನು ಯಾರೂ ಕಂಡಿರಲಿಲ್ಲ.

ಕುಮಾರಿಯ ದನಿ ಸಣ್ಣಗಾಯಿತು. "ಅಮ್ಮನ ಬಂಡೆ ನನ್ನ ಕಡೆಗೆ ಬರುತ್ತಿದೆಯೋ, ನನ್ನಿಂದ ದೂರ ಹೋಗುತ್ತಿದೆಯೋ?" ಇದಕ್ಕೆ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಅಲ್ಲಿಯವರೆಗೆ ತೆಪ್ಪಗಿದ್ದ ಪಾಳೆಯಗಾರನ ಮಗನೊಬ್ಬ ಎದ್ದು ನಡುವೆ ಬಾಯಿ ಹಾಕಿದ. "ಬರುತ್ತಿದೆ."

"ಹೇಗೆ ಗೊತ್ತು?" ಎಂದಳು ಕುಮಾರಿ.

"ನಿಮ್ಮ ಮುಖ ನೋಡಿದರೆ ಹಾಗೇ ಹೇಳಬೇಕು ಅನ್ನಿಸಿತು."

ಕಾಂತಿಮತಿ ಅತ್ತುಬಿಟ್ಟಳು. ಅವನನ್ನೂ ಎಳೆದೊಯ್ದರು.

"ನೀನು ಹೇಳಯ್ಯಾ," ಎಂದ ರಾಜ.

"ನಂಗೊತ್ತಿಲ್ಲ, ಬುದ್ದಿ. ಇವತ್ತು ಯಾರಿಗೂ ಗೊತ್ತಾಗಕ್ಕಿಲ್ಲ. ಇವತ್ತು ಅಳೀಬೇಕು, ಬರೋ ಯುಗಾದಿಗೆ ಮತ್ತೆ ಅಳೀಬೇಕು. ಅಲ್ಲೀವರ್ಗೂ ನನ್ ತಲೆ ನಿಮ್ಮ ಕೈಲೇ ಇರ್ಲಿ."

"ಕಡಲಿನ ಮೇಲೆ ಹಗ್ಗ ಹಿಡಿದು ಅಳೆಯುತ್ತೀಯೇನು?"

"ಮಿಂಚನ್ನ ಗಾಜಲ್ಲಿ ಹಿಗ್ಗಿಸಿ ಎರಡು ಪಾಲು ಮಾಡ್ತೀನಿ. ಒಂದು ಪಾಲು ಬಂಡೆಗೆ ಹೋಗ್ಲಿ, ರಾಣಿಯೋರ ಕನ್ನಡೀಗೆ ತಾಗಿ ಬರ್ಲಿ. ಇನ್ನೊಂದು ಇಲ್ಲೇ ಗಾಜಿನ ನೂಲಲ್ಲಿ ಸುತ್ತುತಾ ಕಾಯ್ಲಿ. ಬಂದಿದ್ದನ್ನ ಕಾದಿದ್ದರ ಪಕ್ಕ ನಿಲ್ಸಿದ್ರೆ, ಕಾದಿದ್ದು ಹಸಿರಿಗೆ ದಾಟಿರೋ ಹೊತ್ಗೆ ಬಂದಿದ್ದು ಇನ್ನೂ ಹಳದೀಲಿರತ್ತೆ. ಬಣ್ಣಗಳ ಆ ಅಂತರಾನೇ ದೂರ. ಕೂದಲೆಳೆಯಷ್ಟು ಸರಿದ್ರೂ ಅಂತರ ಬದಲಾಗತ್ತೆ." ಆಮೇಲೆ ಅವನು ಕುಮಾರಿಯ ಕಡೆ ತಿರುಗಿದ. "ಮನೇಲಿ ಒಬ್ರು ಕಾಯ್ದೇ ಇದ್ರೆ ಹೋದೋರು ಎಷ್ಟು ದೂರ ಅಂತ ಹೇಳಕ್ಕೇ ಆಗಕ್ಕಿಲ್ಲ, ಅಮ್ಮಣ್ಣಿ."

ಅವಳು ಕಾದದ್ದನ್ನು ಅಲ್ಲಿಯವರೆಗೆ ಎಲ್ಲರೂ ಹುಚ್ಚು ಅಂದಿದ್ದರು. ಅವನನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ.

ಅವತ್ತೇ ಅಳೆದರು, ಬಣ್ಣಗಳ ಗುರುತು ಹಾಕಿಟ್ಟರು. ರಾಜ ಒಲ್ಲದ ಮನಸ್ಸಿನಿಂದ ಒಂದು ವರ್ಷ ಕೊಟ್ಟ. ಆ ವರ್ಷವೆಲ್ಲ ಜವರ ಕಾವಲಿನಲ್ಲೇ ಕನ್ನಡಿ ಒರೆಸಿದ. ಕುಮಾರಿ ಕಿಟಕಿಯ ಹತ್ತಿರ ಕೂತು ಅವನೊಡನೆ ಮಾತಾಡುತ್ತಿದ್ದಳು. ಯುಗಾದಿ ಬೇಗ ಬರಲಿ ಎಂದು ಅವಳ ಮನಸ್ಸು ಹಂಬಲಿಸುತ್ತಿತ್ತು. ಬಂದರೆ ಇವನ ತಲೆ ಹೋದೀತೋ ಏನೋ ಎಂದು ಅದೇ ಮನಸ್ಸು ನಡುಗುತ್ತಿತ್ತು. ಅವನಿಗೋ, ಆ ವರ್ಷ ಮುಗಿಯುವುದೇ ಬೇಡವಾಗಿತ್ತು.

ಯುಗಾದಿ ಬಂತು. ಸಭೆ ಸೇರಿತು. ಮಿಂಚು ಹೋಗಿ ಬಂತು. ಜವರ ಗುರುತುಗಳ ಮೇಲೆ ಬಾಗಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ, ಕೊನೆಗೆ ಕುಮಾರಿಯನ್ನೇ ಕರೆದು ತೋರಿಸಿದ. ಅಂತರ ಕಡಿಮೆಯಾಗಿತ್ತು. ಬಂಡೆ ಒಂದು ಕೂದಲೆಳೆಯಷ್ಟು ಈಚೆಗೆ ಸರಿದಿತ್ತು.

ಕಾಂತಿಮತಿ ನಕ್ಕಳು, ನಗುತ್ತಲೇ ಅತ್ತಳು.

"ಕೂದಲೆಳೆಗೆ ಇಷ್ಟು ಸಂತೋಷವೇನಮ್ಮ?" ಎಂದ ರಾಜ. "ನಿನ್ನ ಜೀವಮಾನದಲ್ಲಿ ಆ ಬಂಡೆ ದಡ ಸೇರುವುದಿಲ್ಲ."

"ದಡ ಸೇರುತ್ತದೆಯೇ ಅಂತ ನಾನು ಕೇಳಲಿಲ್ಲ ಅಪ್ಪಾಜಿ. ನನ್ನ ಕಡೆಗೆ ಹೊರಟಿದ್ದಾಳೆಯೇ ಅಂತ ಕೇಳಿದೆ."

ರಾಜ ಕಡಲ ಕಡೆಗೊಮ್ಮೆ ಕಣ್ಣು ಹಾಯಿಸಿದ. ಬಂಡೆಯ ಮೇಲಿರುವವಳು ಅವನ ಹೆಂಡತಿಯೂ ಹೌದಲ್ಲ. ಆಮೇಲೆ ಮಗಳ ಕೈಯನ್ನು ಜವರನ ಕೈಯಲ್ಲಿಟ್ಟ. ಅರ್ಧ ರಾಜ್ಯದ ಮಾತು ಬಂದಾಗ ಜವರ, "ಮೊದ್ಲು ಸೆರೇಲಿರೋ ಆ ಮೂವರನ್ನ ಬಿಟ್ಬಿಡಿ, ಬುದ್ದಿ," ಎಂದ. ಬಿಟ್ಟರು.

ಪ್ರತಿ ಯುಗಾದಿಗೂ ಗಂಡಹೆಂಡಿರು ಬೇವುಬೆಲ್ಲ ತಿಂದು ಅಳೆಯಲು ಕೂರುತ್ತಾರೆ. ಅಲ್ಲಿ ಅವರ ಬಂಡೆ ಬರುತ್ತಾ ಇದೆ, ಇಲ್ಲಿ ನಾವು ನಮ್ಮ ನಮ್ಮವರ ದಾರಿ ನೋಡುತ್ತಾ ಇದ್ದೇವೆ.