ಗಾಳದ ಕೋಲಿಗೆ ಎಷ್ಟಾಯ್ತು?

ಹಂಚಿನ ಕಾರ್ಖಾನೆಯ ಧಣಿ ವಾಮನ ಪ್ರಭುಗಳು ಬೆಳಿಗ್ಗೆಯೇ ಡ್ರೈವರನನ್ನು ಕರೆದರು.

"ನೋಡೋ, ಪಕ್ಕದ ಮನೆ ವಕೀಲ ಪೈ ಹೊಸ ಗಾಳದ ಕೋಲು, ರೀಲು ತಂದು ಮೆರೀತಿದ್ದಾನೆ. ನನಗೂ ಒಂದು ಜೊತೆ ತಾ. ಖರ್ಚು ಅವನದರ ಅರ್ಧ ದಾಟಬಾರದು. ಆದರೆ ನೋಡಿದವರಿಗೆ ಅವನದಕ್ಕಿಂತ ದುಬಾರಿ ಅನ್ನಿಸಬೇಕು. ನಾನು ಸುಳ್ಳು ಹೇಳುವವನಲ್ಲ. ದುಡ್ಡು ಈಗ ನೀನೇ ಹಾಕು, ಆಮೇಲೆ ಕೊಡ್ತೇನೆ. ಆಗದಿದ್ರೆ ಕಾರಿನ ಕೀಲಿ ಇಟ್ಟು ಹೋಗು."

ಡ್ರೈವರ್ ಅಂಗಡಿಯಲ್ಲಿ ಕೋಲುಗಳನ್ನು ಬಗ್ಗಿಸಿ ನೋಡಿದ. ರೀಲುಗಳನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಮಿರುಗದಿದ್ದರೂ ಗಟ್ಟಿಯಾದ ಒಂದು ಜೊತೆ ಆರಿಸಿ, ಬೆಲೆಯ ಚೀಟಿ ಕಿತ್ತು ತಂದ.

"ಇದಾ?" ಧಣಿ ಮುಖ ಸಿಂಡರಿಸಿದರು.

"ಯಾರಾದ್ರೂ ಎಷ್ಟಾಯ್ತು ಅಂತ ಕೇಳಿದ್ರೆ, 'ನೀವೇ ಹೇಳಿ ನೋಡೋಣ' ಅನ್ನಿ ಧಣಿ. ಅವರು ಏನು ಹೇಳಿದ್ರೂ ನಕ್ಕು ಸುಮ್ಮನಿರಿ."

ಸಂಜೆ ಹೊಳೆದಂಡೆಯಲ್ಲಿ ಪೈಗಳಿಗೆ ತಡೆಯಲಾಗಲಿಲ್ಲ. "ಎಷ್ಟಾಯ್ತು ಮಾರಾಯ್ರೆ?"

"ನೀವೇ ಹೇಳಿ ನೋಡೋಣ."

ಕಮ್ಮಿ ಹೇಳಿದರೆ ಎದುರಿಗಿದ್ದವರಿಗೆ ಅವಮಾನ. ಪೈಗಳು ತಮ್ಮ ಕೋಲಿನ ಬೆಲೆಗೇ ಇನ್ನಷ್ಟು ಸೇರಿಸಿ ಹೇಳಿದರು. ಪ್ರಭುಗಳು ನಕ್ಕರು. ಪೈಗಳು ಇನ್ನೂ ಏರಿಸಿದರು. ಪ್ರಭುಗಳು ಇನ್ನೂ ನಕ್ಕರು. ಕೊನೆಗೆ ಪೈಗಳು ತಮ್ಮ ಕೋಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು.

ಕಾರು ಹತ್ತಿದ ಧಣಿಗೂ ಈಗ ಕುತೂಹಲ ತಡೆಯಲಾಗಲಿಲ್ಲ. "ನಿಜ ಹೇಳೋ, ಎಷ್ಟಾಯ್ತು? ಮನೆಗೆ ಹೋದ ಕೂಡಲೇ ಕೊಟ್ಟುಬಿಡ್ತೇನೆ."

ಡ್ರೈವರ್ ಕನ್ನಡಿಯಲ್ಲಿ ಅವರ ಮುಖ ನೋಡಿದ.

"ನೀವೇ ಹೇಳಿ ನೋಡೋಣ, ಧಣಿ."

ಧಣಿ ಬಾಯಿ ತೆರೆದರು. ಕೋಲು ತೊಡೆಯ ಮೇಲಿತ್ತು. ಕಮ್ಮಿ ಹೇಳಲು ಅವರಿಗೂ ನಾಲಿಗೆ ಏಳಲಿಲ್ಲ.