ಹೆಗಲಿಗೆ ಗೊತ್ತಿದ್ದ ರಾಗ

ಮೂರು ದಾರಿ ಕೂಡುವಲ್ಲಿ ದಿಕ್ಕು ತಪ್ಪಿ ನಿಂತ ಸಂಕವ್ವ, ಹೊನ್ನಗವಿ ಅರಮನೆಗೆ ಹೇಗೆ ಹೋಗುವುದೆಂದು ಕುರಿ ಮೇಯಿಸುವವನೊಬ್ಬನನ್ನು ಕೇಳಿದಳು. ಅವನು ಎಡಕ್ಕೆ ಕೋಲು ಚಾಚಿ, "ಹೋಗೋದು ಸುಲಭ ಕಣವ್ವ, ಬರೋದೇ ಕಷ್ಟ," ಎಂದು ದೊರೆ ಸಾರಿಸಿದ ಡಂಗುರವನ್ನು ಒಪ್ಪಿಸಿದ. ದೊರೆಯ ತಾಯಿ ಸಾಯುವ ಮೊದಲು ಒಂದು ರಾಗ ಕಟ್ಟಿಟ್ಟಿದ್ದಳಂತೆ. ಅದಕ್ಕೆ ಹಾಡಿಲ್ಲ, ಮಾತಿಲ್ಲ. ನಲವತ್ತು ಜನರ ಮೇಳ ಬರೀ ನುಡಿಸುತ್ತದೆ. ಅದರ ನಡೆ, ಶ್ರುತಿ, ಭಾವ, ಈ ಮೂರರ ಒಗಟು ಒಡೆದವರಿಗೆ ಮೇಳದ ಯಜಮಾನಿಕೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ.

ಇದೆಲ್ಲ ಸಂಕವ್ವನಿಗೆ ಗೊತ್ತಿದ್ದದ್ದೇ. ತಪ್ಪಿದವರಲ್ಲಿ ಅವಳ ತಮ್ಮ ಮಲ್ಲಾರಿಯೂ ಇದ್ದ. ಅಮಾವಾಸ್ಯೆ ನಾಳೆಯೇ.

ಪಲ್ಲಕ್ಕಿ ಹೊರುವ ಮನೆತನ ಅವರದು. ಮಲ್ಲಾರಿ ಹೆಗಲು ಕೊಡವಿಕೊಂಡು ಮುಖವೀಣೆ ಊದುವುದನ್ನು ಕಲಿಯಲು ಹೋದ. ಅವನ ಜಾಗದಲ್ಲಿ ಅಪ್ಪನ ಹಿಂದೆ ಹೆಗಲು ಕೊಟ್ಟವಳು ಸಂಕವ್ವ.

ಆಸ್ಥಾನದಲ್ಲಿ ಅವಳಿಗಿಂತ ಮುಂದೆ ಜರಿಶಾಲಿನ ವಿದ್ವಾಂಸರೊಬ್ಬರು ನಿಂತಿದ್ದರು. ಮೇಳ ನುಡಿಸಿ ಮುಗಿಸಿತು. ದೊರೆ ಕೇಳಿದ:

"ಕಾಲು ಓಡುತ್ತದೆ, ಮೈ ಅಲುಗುವುದಿಲ್ಲ. ಎರಡು ಮದ್ದಳೆ ಒಟ್ಟಿಗೇ ಹೊರಡುತ್ತವೆ, ಆದರೆ ಎರಡರ ಪೆಟ್ಟು ಒಮ್ಮೆಯೂ ಕೂಡಿ ಬೀಳುವುದಿಲ್ಲ. ಇದು ಯಾರ ನಡೆ?"

ಮದ್ದಳೆಯವರು ತಾಳ ತಪ್ಪಿದ್ದಾರೆ, ಮೊದಲು ಅವರನ್ನು ತಿದ್ದಬೇಕು ಎಂದರು ವಿದ್ವಾಂಸರು. ಕಾವಲಿನವರು ವಿದ್ವಾಂಸರನ್ನೇ ಸೆರೆಗೆ ಕರೆದುಕೊಂಡು ಹೋದರು. ಶಾಲು ಅಲ್ಲೇ ಬಿತ್ತು. ಮಲ್ಲಾರಿ ಇದನ್ನು ಕುದುರೆಯ ನಡೆ ಅಂದಿದ್ದನೆಂದು ಕಾವಲಿನವನು ಸಂಕವ್ವನ ಕಿವಿಯಲ್ಲಿ ಹೇಳಿದ. ಅವಳಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ತಮ್ಮನಿಗೆ ಉತ್ತರ ಗೊತ್ತಿತ್ತು. ಹೊರೆ ಹೊತ್ತ ಮನೆಯ ಮಗನೆಂದು ತುಂಬಿದ ಸಭೆಗೆ ಗೊತ್ತಾಗಬಾರದೆಂದು ಮಾತಿನಲ್ಲಿ ಕುದುರೆ ಏರಿದ್ದ, ಅಷ್ಟೆ.

"ಪಲ್ಲಕ್ಕಿ ಹೊರುವವರ ನಡೆ, ಒಡೆಯಾ," ಎಂದಳು ತನ್ನ ಸರದಿ ಬಂದಾಗ. "ಎಲ್ಲರೂ ಒಂದೇ ಹೆಜ್ಜೆ ಹಾಕಿದರೆ ಪಲ್ಲಕ್ಕಿ ತೊಟ್ಟಿಲಾಗುತ್ತದೆ, ಒಳಗಿನವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಹೆಜ್ಜೆ ಮುರಿದು ಓಡುತ್ತೇವೆ."

ಸಭೆಯಲ್ಲಿ ಯಾರೋ ನಕ್ಕರು. ದೊರೆ ನಗದೆ ಎರಡನೆಯದನ್ನು ಕೇಳಿದ:

"ನಲವತ್ತು ವಾದ್ಯಗಳೂ ಶ್ರುತಿ ಮಾಡಿಕೊಂಡದ್ದು ಒಂದು ದನಿಗೆ. ಅದು ತಂತಿಯದಲ್ಲ, ಕೊಳಲಿನದಲ್ಲ. ನಡುವೆ ಒಮ್ಮೆ ಮೇಲೇರಿ ಮತ್ತೆ ಕೆಳಗೇ ಬಂದು ಕೂರುತ್ತದೆ. ಯಾವುದದು?"

"ಹೊತ್ತವನ 'ಹೂಂ' ಅನ್ನುವ ದನಿ. ಭಾರ ಇದ್ದಾಗ ಗಂಟಲು ಕುಗ್ಗಿ ತಗ್ಗಿನಲ್ಲಿರುತ್ತದೆ. ಹೆಗಲು ಬದಲಿಸುವಾಗ ಒಂದು ಉಸಿರಿನಷ್ಟು ಹೊತ್ತು ಮೇಲೇರುತ್ತದೆ."

ಈಗ ಯಾರೂ ನಗಲಿಲ್ಲ.

"ಇದನ್ನು ಕೇಳಿ ಅರ್ಧ ಸಭೆ ಮದುವೆಯ ಸಂಭ್ರಮ ಅಂದಿತು, ಅರ್ಧ ಸಭೆ ಮಸಣದ ದುಃಖ ಅಂದಿತು. ಎರಡೂ ಅಲ್ಲ. ಇದರ ಭಾವ ಯಾವುದು?"

ರಸಗಳ ಹೆಸರು ಸಂಕವ್ವನಿಗೆ ಬಾರದು. ಇಲ್ಲಿ ತಪ್ಪಿದರೆ ಅಪ್ಪನಿಗೆ ಉಳಿಯುವವರು ಯಾರೂ ಇಲ್ಲ. ಘಟ್ಟ ಹತ್ತುವಾಗ ತನಗೆ ಏನನ್ನಿಸುತ್ತಿತ್ತೆಂದು ನೆನೆದಳು. ಪರದೆಯೊಳಗೆ ಮದುಮಗಳಿದ್ದಾಳೋ ರೋಗಿ ಇದ್ದಾನೋ ಒಂದು ದಿನವೂ ಯೋಚಿಸಿದ್ದಿಲ್ಲ.

"ಇನ್ನೆಷ್ಟು ದೂರ ಅನ್ನೋದು," ಎಂದಳು ಕೊನೆಗೆ. "ಅದಕ್ಕೆ ಬೇರೆ ಹೆಸರಿದ್ದರೆ ನನಗೆ ಗೊತ್ತಿಲ್ಲ."

ದೊರೆ ನಿಧಾನವಾಗಿ ಹೇಳಿದ. ಅವನ ತಾಯಿ ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ, ಒಂಬತ್ತು ದಿನ ಪರದೆಯೊಳಗೆ ಕೂತು ಈ ಊರಿಗೆ ಬಂದಿದ್ದಳು. ದಾರಿಯನ್ನು ಅವಳು ನೋಡಲಿಲ್ಲ, ಕೇಳಿದಳು. ಕೇಳಿದ್ದನ್ನೇ ಮುಪ್ಪಿನಲ್ಲಿ ರಾಗವಾಗಿ ಕಟ್ಟಿದಳು. "'ಹೊತ್ತವರದೂ ಅದೇ ಮಾತು, ಒಳಗಿದ್ದ ನನ್ನದೂ ಅದೇ ಮಾತು' ಅನ್ನುತ್ತಿದ್ದಳು ನಮ್ಮವ್ವ," ಎಂದ.

ಯಜಮಾನಿಕೆ ಸಂಕವ್ವನದಾಯಿತು. ಸೆರೆಯಲ್ಲಿದ್ದವರನ್ನೆಲ್ಲ ಬಿಡಬೇಕೆಂದು ಕೇಳಿದಳು, ಬಿಟ್ಟರು. ಅಪ್ಪನಿಗೆ ಸುದ್ದಿ ಮುಟ್ಟಿಸಿ ಬರಲೆಂದು ದೊರೆ ಅವಳಿಗೆ ಅರಮನೆಯ ಪಲ್ಲಕ್ಕಿಯನ್ನೇ ಕೊಟ್ಟ.

ಮಲ್ಲಾರಿ ತಲೆ ತಗ್ಗಿಸಿ ಬಂದು, "ಅಕ್ಕಾ, ನಾನು..." ಎಂದು ಶುರುಮಾಡಿದ. ಸಂಕವ್ವ ಹೊರುವವರಲ್ಲಿ ಮುಂದಿನ ಎಡಮೂಲೆಯವನಿಗೆ ಬಿಡುವು ಕೊಟ್ಟು ಆ ಜಾಗ ತೋರಿಸಿದಳು.

"ಮಾತು ಆಮೇಲೆ. ಕುದುರೆ ಅಂದೆಯಲ್ಲ, ಹೆಗಲು ಕೊಡು."

ಅವಳು ಒಳಗೆ ಕೂತು ಪರದೆ ಎಳೆದುಕೊಂಡಳು. ಮೊದಮೊದಲು ಪಲ್ಲಕ್ಕಿ ತೊನೆದಾಡಿತು, ಉಳಿದ ಹೊರುವವರ ಬೈಗುಳ ಕೇಳಿಸಿತು. ಊರಬಾಗಿಲು ದಾಟಿ ಏರು ಹತ್ತುವಷ್ಟರಲ್ಲಿ ಅಲುಗಾಟ ನಿಂತಿತು. ಮುಂದಿನ ಎಡಮೂಲೆಯಿಂದ ತಗ್ಗಿನಲ್ಲಿ ಒಂದು 'ಹೂಂ' ಎದ್ದಿತು. ಶ್ರುತಿ ತಪ್ಪಿರಲಿಲ್ಲ.